ಹಂಗು

ಹೈಕೋರ್ಟಿನ ಮೂರನೇ ಮಜಲು, ತರ್ಜುಮೆ ಕಚೇರಿ.
ಕಿಟಕಿಯಾಚೆ ಮೈದಾನ, ಅದರಾಚೆ ಸಮುದ್ರ,
ನಡುವೆ ರೈಲು ಹೊಗೆಬಿಟ್ಟು ಹೋದಾಗಲೆಲ್ಲ
ಕಾಗದದ ಮೇಲೆ ಮಸಿ. ಊದಿ ಊದಿ ಬರೆಯಬೇಕು.
ನಾನು, ಸ್ವಾಮಿರಾಯ ಕಟಗೇರಿ, ಅರವತ್ತು ರೂಪಾಯಿ ಪಗಾರ,
ಕನ್ನಡದಿಂದ ಇಂಗ್ಲಿಷಿಗೆ.

ಉಳಿದ ಬ್ಯಾರಿಸ್ಟರರು ಪಟ್ಟೇವಾಲನನ್ನು ಕಳಿಸುವರು.
ಡನ್‌ಕ್ಯಾರಿಕ್ ಸಾಹೇಬ ತಾನೇ ಮೆಟ್ಟಿಲು ಹತ್ತಿ ಬರುವನು.
ಸ್ಕಾಟ್ಲೆಂಡಿನವನು; ಇಂಗ್ಲಿಷರವ ಅಂದರೆ ಕಿವಿ ಕೆಂಪು.
ಅವನ ರಕಾರ ನಮ್ಮೂರ ಚಕ್ಕಡಿಯ ಗಾಲಿಯಂತೆ ಉರುಳುತ್ತಿತ್ತು,
ಅದಕ್ಕೇ ಏನೋ, ಅವನ ಮಾತು ನನಗೆ ತಿಳಿಯುತ್ತಿತ್ತು.
‘ದೊರೆಮನೆಯಲ್ಲಿ ಎರಡನೇ ಮಗನಿಗೆ ಸಿಗುವುದು ಎರಡೇ, ಕಟಗೇರಿ:
ಹಡಗಿನ ಟಿಕೀಟು, ಅಪ್ಪನ ಮೂಗು.’
ಮೂಗು ನಿಜಕ್ಕೂ ದೊಡ್ಡದಿತ್ತು.

ಆ ವರ್ಷ ನವಲಗುಂದದ ಕಡೆಯಿಂದ ಒಂದು ಖಟ್ಲೆ.
ತಿರಕವ್ವ, ಗಂಡ ಸತ್ತವಳು. ನಾಲ್ಕು ಕೂರಿಗೆ ಎರಿ ಹೊಲ.
ಮೈದುನರನ್ನು ಕೇಳದೆ ದತ್ತಕ ತಗೊಂಡಿದ್ದಳು.
ಮೈದುನರ ಪರ ನಮ್ಮ ಸಾಹೇಬ.
ಕೂಡಿದ ಮನೆಯಾದರೆ ಅವರ ಒಪ್ಪಿಗೆ ಬೇಕು, ಬೇರೆಯಾಗಿದ್ದರೆ ಬೇಡ;
ಖಟ್ಲೆಯೆಲ್ಲ ಅಷ್ಟರ ಮೇಲೆ ನಿಂತಿತ್ತು.
ಜಬಾನಿಯಲ್ಲಿ ಅವಳಂದದ್ದು:
‘ಮೈದುನರ ಹಂಗಿನಾಗ ನಾ ಇಲ್ಲರಿ.’

ಕೋಶ ತೆರೆದೆ. ಹಂಗಿಗೆ ಮೂರು ಪದ,
ಮೂರೂ ಯಾರದೋ ಅಳತೆಗೆ ಹೊಲಿದ ಅಂಗಿ.
ಗಿರಗಾಂವಿನ ಚಾಳಿನಲ್ಲಿ ನಳ ಬರುವ ಹೊತ್ತಾಗಿತ್ತು.
‘ಸಾಲ’ ಎಂದು ಬರೆದೆ.
ನನಗೆ ಅವರ ಸಾಲವಿಲ್ಲ.

ಸಾಲದ ಮಾತು ತೆಗೆದವರಾರು, ಎಂದು ಕೇಳಿ
ಸಾಹೇಬ ನ್ಯಾಯಮೂರ್ತಿಗಳನ್ನೂ ನಗಿಸಿದನಂತೆ.
ಬೇರೆ ಒಲೆ ಹೂಡಿದವಳು, ಬೇರೆ ರಾಶಿ ಮಾಡಿದವಳು,
ಅಷ್ಟನ್ನೂ ಒಂದೇ ಪದದಲ್ಲಿ ಕಟ್ಟಿ ಕಳಿಸಿದ್ದಳು.
ಗಂಟು ನನ್ನ ಮೇಜಿನ ಮೇಲೆ ಬಿಚ್ಚಿ ಚೆಲ್ಲಿತು.
ಹೊಲ ಹೋಯಿತು.

ವಾರ ಬಿಟ್ಟು ಸಾಹೇಬನಿಗೆ ಹೇಳಿದೆ.
ಅವನು ಸಮುದ್ರ ನೋಡಿದ. ಬಹಳ ಹೊತ್ತು ನೋಡಿದ.
‘ತೀರ್ಪಿನ ಮಸಿ ಒಣಗಿದೆ, ಕಟಗೇರಿ.’
ಮಾರನೆಯ ದಿನದಿಂದ ಪಟ್ಟೇವಾಲ ಬರತೊಡಗಿದ.

ಅಣ್ಣ ಕುದುರೆಯಿಂದ ಬಿದ್ದ ತಂತಿ ಬಂತು, ಮಳೆಗಾಲದ ಕೊನೆಗೆ.
ಯಾರನ್ನೂ ಕೇಳದೆ, ಯಾರೂ ತಡೆಯದೆ
ಮೂವತ್ತು ಸಾವಿರ ಎಕರೆಗೆ ಅವನು ವಾರಸುದಾರ.
ಅಪೋಲೋ ಬಂದರಿನಲ್ಲಿ ಹಾರ ಹಾಕಿದವರಲ್ಲಿ ನಾನೂ ಒಬ್ಬ.
ಮುಂದೆಲ್ಲ ತಿಂಗಳು ಹಳೆಯ ಪತ್ರಿಕೆಗಳಲ್ಲಿ ಓದಿದ್ದು:
ಲಂಡನ್ನಿನ ಮೇಲ್ಮನೆಯಲ್ಲಿ ಲಾರ್ಡ್ ಗ್ಲೆನೊರಿನ್,
ಒಕ್ಕಲುಗಳ ಮಸೂದೆಯ ವಿರುದ್ಧ ಒಂದೂವರೆ ತಾಸು.
ಹನ್ನೊಂದು ತಿಂಗಳು ಮಂತ್ರಿಯೂ ಆಗಿದ್ದ.

ಮೊನ್ನೆ ಕಾಗದ ಬಂತು. ಅಕ್ಷರ ನಡುಗಿವೆ.
‘ಚಳಿಗಾಲಕ್ಕೆಂದು ಕಳಿಸಿದ ಕಲ್ಲಿದ್ದಲು
ನನ್ನ ಒಕ್ಕಲಿನ ಮುದುಕಿಯೊಬ್ಬಳು ತಿರುಗಿ ಕಳಿಸಿದಳು.
ಅವರ ಭಾಷೆಯಲ್ಲಿ ಏನೋ ಅಂದಳು.
ಅವಳಿಗೆ ಸಾಲವಿಲ್ಲವಂತೆ, ಎಂದು ಗುಮಾಸ್ತ ತಿಳಿಸಿದ.
ನಕ್ಕೆ. ಆಮೇಲೆ ನಿದ್ದೆ ಬರಲಿಲ್ಲ.
ನಿಮ್ಮ ಹೆಂಗಸಿನ ಆ ಪದ ಯಾವುದು? ಬರೆ.’
ಜೊತೆಗೆ, ಟಪಾಲು ಖರ್ಚಿಗೆಂದು, ಹತ್ತು ಶಿಲಿಂಗಿನ ಹುಂಡಿ.

ಹಾಳೆಯ ನಡುವೆ ಬರೆದೆ: ಹ, ಸೊನ್ನೆ, ಗು.
ಅರ್ಥ ಬರೆಯಲಿಲ್ಲ.
ಸ್ಟಾಂಪು ನನ್ನ ಪಿಂಚಣಿಯದು.
ಹುಂಡಿ ಪಂಚಾಂಗದೊಳಗಿದೆ, ಮಗ ದಿನಾ ಕೇಳುತ್ತಾನೆ.
ಇನ್ನೊಂದು ಕಾಗದ ಬರೆಯಬೇಕು, ನವಲಗುಂದಕ್ಕೆ.
ಮೇಲೆ ಹೆಸರು ಬರೆದಿಟ್ಟಿದ್ದೇನೆ.
ಊರಿನ ಹೆಸರು, ಅಂದು ಫೈಲಿನಲ್ಲಿದ್ದದ್ದು,
ಈಗ ನೆನಪಾಗುತ್ತಿಲ್ಲ.