ಎಂಟುನೂರರಿಂದ ಐನೂರಕ್ಕೆ

ಹಾಸನದ ಕೈಗಾರಿಕಾ ವಸಾಹತು, ಕೊನೆಯ ಶೆಡ್ಡು.
ಜನವರಿ. ಬೆಳಿಗ್ಗೆ ಏಳು.
ಮೂವತ್ತು ಮಿಲಿಮೀಟರ್ ದಪ್ಪದ ಪ್ಲೇಟು ಮುಟ್ಟಿದರೆ
ಬೆರಳು ಅಲ್ಲೇ ಅಂಟೀತು, ಅಷ್ಟು ಥಂಡಿ.

ಕರೆಂಟು, ವೋಲ್ಟು, ಕೈ ಸಾಗುವ ವೇಗ
ಗುಣಿಸಿ ಭಾಗಿಸಿ ಬರೆದೆ: ಐದು ಸೆಕೆಂಡು.
ಎಂಟುನೂರು ಡಿಗ್ರಿಯಿಂದ ಐನೂರಕ್ಕೆ ಇಳಿಯುವಾಗಲೇ
ಉಕ್ಕು ತನ್ನ ಗುಣ ಆರಿಸಿಕೊಳ್ಳುವುದು.
ಆಮೇಲೆ ಬೇಡಿದರೂ ಬದಲಾಗದು.

"ಬಾಗ್ಲು ಹಾಕವ್ವ," ಅಂದರು ಇನಾಸಪ್ಪ,
"ನಿನ್ ಲೆಕ್ಕದಲ್ಲಿ ಗಾಳಿ ಎಲ್ಲೈತೆ?"

ತೆಳು ತಗಡಲ್ಲಿ ಕಾವು ಅಕ್ಕಪಕ್ಕ ಹರಿದೀತು;
ದಪ್ಪದ್ದು ಕೆಳಕ್ಕೂ ಸೆಳೆಯುತ್ತದೆ, ಬಾವಿಯ ಹಾಗೆ.
ಬೇಗ ಆರಿದರೆ ಗಾಜು.
ತೀರಾ ತಡವಾದರೆ
ಹರಳು ಊದಿ, ಒಳಗೇ ಪೊಳ್ಳು ಧೈರ್ಯ.

ಟಾರ್ಚಿನಿಂದ ಅಂಚುದ್ದಕ್ಕೂ ಸವರಿದರು.
ನೂರಿಪ್ಪತ್ತರ ಬಳಪ ಗೀಚಿದೆ, ಕರಗಿತು.
ಮತ್ತೆ ಲೆಕ್ಕ: ಏಳು.
ಅರ್ಧ ಸಿಲಿಂಡರಿಗೆ
ನಾವು ಕೊಂಡದ್ದು ಎರಡು ಸೆಕೆಂಡು.

ಕಿಡಿ ನಿಂತಿತು. ಟೋಪಿ ಎತ್ತಿ
ಬೆಸುಗೆಯ ಕೆಂಪು ಕಪ್ಪಾಗುವುದನ್ನೇ ನೋಡುತ್ತ
ತುಟಿಯಾಡಿಸಿದರು ಇನಾಸಪ್ಪ.
ಮಾಪಕದ ತಂತಿ ನನಗೆ ತೋರಿಸಿದ್ದು ಆರೂ ಮುಕ್ಕಾಲು.
"ನಿಮಗೆಷ್ಟು ಬಂತು?"
"ಅರ್ಧ ನಮೋ ಮರಿಯಾ," ಅಂದು
ಬೀಡಿ ಹುಡುಕಿದರು.

ಬಿರುಕು ಬರುವುದಿದ್ದರೆ ಈಗಲ್ಲ,
ನಾಳೆಯೋ, ನಾಳಿದ್ದೋ, ಬೀಗ ಹಾಕಿದ ಮೇಲೆ.
ನಲವತ್ತೆಂಟು ಗಂಟೆ ಕಾಯಬೇಕು ಪರೀಕ್ಷೆಗೆ.
ಅದಕ್ಕೆ ಯಾವ ಸೂತ್ರವೂ ಇಲ್ಲ.

ರಾತ್ರಿ ಅಡುಗೆಮನೆಯಲ್ಲಿ
ಬಿಸಿನೀರು ಬಗ್ಗಿಸಿಟ್ಟ ಲೋಟ
ತಾನಾಗೇ ಟಕ್ಕೆಂದಿತು.
ಎದ್ದು ಕೂತೆ.