ನಾಲ್ಕನೆಯ ತೂತು

ಗವಿಗೆ ಗೇಟು ಹಾಕಬೇಕೆಂದು ಇಲಾಖೆಯ ಚೀಟಿ ಬಂತು:
ನಾಲ್ಕು ತೂತು, ಎರಡು ತಿರುಗಣಿ, ಒಂದು ಚಿಲಕ.
ಮೊಳಕಾಲು ಮುರಿಯುವ ಊರೆಂದು ಹೆಸರಲ್ಲೇ ಇದೆ,
ಗುಡ್ಡ ಹತ್ತುವಾಗ ಅರ್ಥವಾಯಿತು.
ಡ್ರಿಲ್ಲು ನನ್ನ ಹೆಗಲಿಗೆ, ಬ್ಯಾಟರಿ ಗಾದ್ರಿಯ ತಲೆಗೆ,
ಗೇಟು ಕತ್ತೆಯ ಬೆನ್ನಿಗೆ.

ಊರವರು ಇದಕ್ಕೆ ಬಾವಲಿಗವಿ ಅನ್ನುತ್ತಾರೆ.
ಸಾಹೇಬರು ವಿಹಾರ ಅಂದರು.
ವಿಹಾರ ಅಂದರೆ ಸಂಜೆ ಹೊತ್ತು ಸುಮ್ಮನೆ ತಿರುಗಾಡುವುದು,
ನನಗೆ ಗೊತ್ತಿದ್ದದ್ದು ಅಷ್ಟೇ.
ಬಂಡೆಯೊಳಗೆ ಕೂತು ಇವರು
ಎಲ್ಲೆಲ್ಲಿ ತಿರುಗಿ ಬರುತ್ತಿದ್ದರೋ.

ಬ್ರಹ್ಮಗಿರಿಯಲ್ಲಿ ಅರಸನ ಅಕ್ಷರಕ್ಕೆ
ಸೂರು ಕಟ್ಟಿ ಕಾಯುತ್ತಾರೆ.
ಇಲ್ಲಿ ಒಂದಕ್ಷರವೂ ಇಲ್ಲ.
ಟಾರ್ಚು ಬಿಟ್ಟರೆ ಗೋಡೆ ತುಂಬ ಉಳಿಕಚ್ಚು,
ನಾನೂ ನಮ್ಮಪ್ಪನೂ ಓದಬಲ್ಲಂಥ ಬರವಣಿಗೆ.

ಎಡದಿಂದ ಬಲಕ್ಕೆ ಇಳಿದ ಏಟು.
ಮೇಲೂ ಹಾಗೇ, ಮೂಲೆಯಲ್ಲೂ ಹಾಗೇ.
ಎಡಚ!
ನಮ್ಮಪ್ಪ ನಾಗಿಂದ್ರಪ್ಪನೂ ಎಡಚನೇ.
ಕ್ವಾರಿಯಲ್ಲಿ ಅವನ ಪಕ್ಕಕ್ಕೆ ಯಾರೂ ಕೂರುತ್ತಿರಲಿಲ್ಲ,
ಚಕ್ಕೆ ತಪ್ಪು ದಿಕ್ಕಿಗೆ ಹಾರುತ್ತದೆಂದು.
ಒಬ್ಬನೇ ಕೂತು ಒಡೆಯುತ್ತಿದ್ದ,
ಒಬ್ಬನೇ ಬುತ್ತಿ ಬಿಚ್ಚುತ್ತಿದ್ದ.

ಬೆರಳಿಟ್ಟು ನೋಡುತ್ತಾ ಹೋದೆ.
ಕಚ್ಚು ಅಗಲವಾಗುತ್ತಾ ಬಂದು
ಮೊಂಡಾಗಿ ಜಾರಿದೆ.
ಒಂದು ಗೇಣಿನಾಚೆ ಮತ್ತೆ ಚೂಪು.
ಆ ಗೇಣಿನೊಳಗೆ
ಹೊರಗಡೆ ಒಂದು ಕುಲುಮೆ ಹೊತ್ತಿದೆ,
ಯಾರೋ ತಿದಿ ಒತ್ತಿದ್ದಾರೆ,
ಹೆಂಡತಿಯೇ ಇರಬೇಕು, ಕಂಕುಳಲ್ಲಿ ಕೂಸು.
ಸಂಸಾರ ಬಿಟ್ಟವರ ಮನೆಯನ್ನು
ಸಂಸಾರವೊಂದು ಕೊರೆದುಕೊಟ್ಟಿದೆ.

ಒಳಗೆ ಕಲ್ಲಿನ ಮಂಚ, ತಲೆಯ ಕಡೆ ಉಬ್ಬು.
ಮಂಚದ ನಡುವಿಗೆ ಬೆಣಚಿನ ಪಟ್ಟಿ ಅಡ್ಡ ಬಂದಿದೆ.
ಉಳಿ ಮೂರು ಸಲ ಕೇಳಿ ನೋಡಿದೆ, ಗುರುತಿದೆ.
ಕಲ್ಲು ಒಪ್ಪಲಿಲ್ಲ.
ಆಮೇಲೆ ಭಿಕ್ಷುವೇ ಒಪ್ಪಿಕೊಂಡಿರಬೇಕು:
ಆ ಉಬ್ಬನ್ನು ಬಳಸಿ
ಬಸುರಿಯ ಹಾಗೆ ಮಗ್ಗುಲಾಗಿ
ವರ್ಷವರ್ಷವೂ ಮಲಗಿದ್ದಾನೆ,
ಸೊಂಟ ತಾಗುವ ಜಾಗ ನುಣ್ಣಗಾಗಿದೆ.
ನಾನೂ ಮಲಗಿ ನೋಡಿದೆ.
ಕಾಲು ಒಂದು ಗೇಣು ಹೊರಗೆ ಉಳಿಯಿತು.
ಗಾದ್ರಿ ನಕ್ಕ. ಬಾವಲಿಗಳು ಎದ್ದವು.

ಮಳೆಗಾಲಕ್ಕೆ ಮಾತ್ರ ಇಲ್ಲಿರುತ್ತಿದ್ದರಂತೆ,
ಉಳಿದ ತಿಂಗಳೆಲ್ಲ ನಡಿಗೆಯಂತೆ.
ಹೊಸ್ತಿಲಲ್ಲಿ ನೀರು ಹೋಗಲು
ಎರಡು ಬೆರಳಗಲದ ಗಾಡಿ ತೆಗೆದಿದ್ದಾನೆ ಎಡಚ.
ನಮ್ಮ ಸೀಮೆಯ ಮಳೆ!
ಬರುತ್ತದೆಂದು ನಂಬಿ
ಅದಕ್ಕೆ ದಾರಿ ಬಿಟ್ಟವನ ಕೈ ದೊಡ್ಡದು.

ಕೆಲಸಕ್ಕೆ ನಿಂತೆ.
ಮೂರು ತೂತು ಬಿತ್ತು.
ಮೂರಕ್ಕೂ ಡ್ರಿಲ್ಲು ಕಿರುಚಿತು, ನನ್ನ ಹಲ್ಲು ಜುಮ್ಮೆಂದಿತು.
ನಾಲ್ಕನೆಯದಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಲು
ಮಣ್ಣು ಕೆರೆದರೆ
ಅಲ್ಲಿ ಆಗಲೇ ಒಂದು ಕುಳಿ.
ಗುಂಡಗೆ, ಆಳಕ್ಕೆ, ಒಳಮೈ ತಿರುಗಿ ತಿರುಗಿ ಸವೆದು
ಒರಳಿನ ಹಾಗೆ ಹೊಳೆಯುತ್ತಿದೆ.
ಕದದ ಕುಳಿ.

ಎಲ್ಲ ಬಿಟ್ಟು ಬಂದವರಿಗೂ ಕದ ಬೇಕಿತ್ತು.
ಕರಡಿಗೋ, ಚಳಿಗಾಳಿಗೋ,
ಇಲ್ಲಾ ಒಬ್ಬನೇ ಅಳುವುದಕ್ಕೋ.
ಗಾದ್ರಿಯನ್ನು ಕೇಳಿದೆ.
"ಕದ ಅಂದಮೇಲೆ ತೆಗೆಯೋದಕ್ಕೂ ಇರುತ್ತದಣ್ಣ,"
ಅಂದು ಬೀಡಿ ಹಚ್ಚಿದ.

ಡ್ರಿಲ್ಲು ಕೆಳಗಿಟ್ಟೆ.
ತಿರುಗಣಿಯ ಗೂಟ ಆ ಹಳೆಯ ಕುಳಿಗೆ ಇಳಿಸಿದೆ.
ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.
ಗೇಟು ತಳ್ಳಿದರೆ
ಸದ್ದೇ ಇಲ್ಲ.

ಬೀಗ ಗಾದ್ರಿಯ ಸುಪರ್ದಿಗೆ.
ಬಿಲ್ಲಿನಲ್ಲಿ ನಾಲ್ಕು ತೂತು ಎಂದೇ ಬರೆದೆ,
ಸಾಹೇಬರು ಎಣಿಸಲಿಲ್ಲ.
ನಾಲ್ಕನೆಯದರ ಕೂಲಿ
ನೂರಾ ಎಂಬತ್ತು ರೂಪಾಯಿ
ಬೇರೆ ಮಡಿಚಿ ಎಡಜೇಬಿನಲ್ಲಿ ಇಟ್ಟುಕೊಂಡಿದ್ದೇನೆ.
ಮೂರು ವಾರವಾಯಿತು.
ಅಂಗಿ ಒಗೆಯಲು ಹಾಕುವಾಗ ತೆಗೆಯುತ್ತೇನೆ,
ಒಣಗಿದ ಮೇಲೆ ಮತ್ತೆ ಇಡುತ್ತೇನೆ.