ಸೈಡ್

ಗೌಸೋದ್ದೀನನ ಗ್ಯಾರೇಜಿನಾಗ ಐತವಾರ ಸಂಜಿ
ಆಯಿಲ್ ಡಬ್ಬಿಗೆ ಆನಿಸಿಟ್ಟ ಮೊಬೈಲಿನಾಗ
ರೇಸು ಓಡಲತ್ತದ.
ಅಂಗೈ ಅಗಲದ ಊರು, ಅದರಾಗ ಇಪ್ಪತ್ತು ಕಾರು.
ನಮ್ಮ ಹುಮನಾಬಾದಿನ ನೊಣ ಒಂದು
ಮೂರನೇ ತಿರುವಿನ ಮ್ಯಾಲ ಕೂತು
ಎಲ್ಲರಿಗೂ ದಾರಿ ಬಿಡಲತ್ತದ.

"ಈಗ ನೋಡ್ರಿ ಕಾಕಾ," ಅಂತಾಳ ಶಬಿಸ್ತಾ,
ಪಾಲಿಟೆಕ್ನಿಕ್ಕಿನ ಎರಡನೇ ವರ್ಷ, ಉಗುರಿನಾಗ ಗ್ರೀಸು.
"ಮುಂದಿನವಗೂ ಇವಗೂ ಒಂದು ಸೆಕೆಂಡಿನ ಒಳಗ ಅಂತರ ಇದ್ರ
ಹಿಂದಿನ ರೆಕ್ಕಿ ತೆರೀತದ, ಗಾಳಿ ಅಡ್ಡ ಬರಂಗಿಲ್ಲ,
ಗುಂಡಿ ಒತ್ತಿದ್ರ ಮುಗೀತು."

ಮುಗೀತು. ಖರೇನೇ ಮುಗೀತು.
ಕೆಂಪು ಕಾರು ನೀಲಿ ಕಾರಿನ ಪಕ್ಕದಿಂದ
ಬಾಗಿಲು ತೆಗೆದಿಟ್ಟ ಮನಿಯೊಳಗ ಹೋದಂಗ ಹೋಯಿತು.
ನನ್ನ ಚಹಾ ಇನ್ನೂ ತುಟಿಗೆ ಮುಟ್ಟಿರಲಿಲ್ಲ.

ಹನ್ನೆರಡು ವರ್ಷ ನಾ ಝರೆಪ್ಪನ ಲಾರಿಯ ಕ್ಲೀನರು.
ಶಹಾಬಾದಿನ ಫರಸಿ ಹೇರಿಕೊಂಡು ಬರ್ತಿದ್ವಿ.
ಕಮಲಾಪುರ ದಾಟಿದ್ರ ಏರು, ರೋಡು ಒಂದೇ ಲಾರಿಯ ಅಗಲ,
ಮುಂದೊಂದು ಸಿಮೆಂಟಿನ ಗಾಡಿ ಸಿಕ್ತಂದ್ರ
ಹನ್ನೊಂದು ಮೈಲು ಅದರ ಧೂಳು.
ಹಲ್ಲಿನಾಗ ಧೂಳು, ರೊಟ್ಟಿಗಂಟಿನಾಗ ಧೂಳು.
ಝರೆಪ್ಪ ಬೈತಿದ್ದಿಲ್ಲ. ಓದ್ತಿದ್ದ:
ಆ ಗಾಡಿ ಯಾವ ಗೇರಿನಾಗ ದಮ್ಮು ಬಿಡ್ತದ,
ಯಾವ ತಿರುವಿನಾಗ ಎಡಕ್ಕ ವಾಲ್ತದ,
ಡ್ರೈವರ ಬೀಡಿ ಹಚ್ಚಲಾಕ ಯಾವಾಗ ಬಗ್ತಾನ.
"ತಡೀ," ಅಂತಿದ್ದ, "ಅವನೇ ಹೇಳ್ತಾನ."

ಹೇಳ್ತಿದ್ದ.
ಮುಖ ಕಾಣದ ಒಂದು ಕೈ, ಮೊಣಕೈತನಕ ಸಿಮೆಂಟು,
ಕಿಡಕಿಯಿಂದ ಬಂದು ಎರಡು ಸಲ ಬೀಸ್ತಿತ್ತು.
ಎಡಕ್ಕ ಜೋತುಬಿದ್ದ ನಾನು
ಬಾಗಿಲಿಗೆ ಎರಡು ಏಟು ಬಡೀತಿದ್ದೆ.
ಇಷ್ಟು ಮಂದಿಯ ಕೆಲಸ ಅದು, ಒಂದು ಓವರ್‌ಟೇಕು.

"ಅದು ರೇಸಲ್ಲ ಕಾಕಾ. ರೇಸಿನಾಗ ಯಾರೂ ಸೈಡ್ ಕೊಡಂಗಿಲ್ಲ."
ಅದೂ ಖರೆ.
"ಮುಂದಿನ ಕಾರು ಗಾಳಿ ಕೆಡಿಸ್ತದ.
ಹಿಂದಿನವ ಎಷ್ಟೇ ಜಾಣ ಇದ್ರೂ
ಆ ಕೆಟ್ಟ ಗಾಳಿಯಾಗ ಟೈರು ಸುಟ್ಟುಕೋತಾನ,
ನಿಮ್ಮ ಧೂಳಿದ್ದಂಗ."

ಇದಕ್ಕ ನನ್ನ ಹತ್ರ ಮಾತಿಲ್ಲ.
ಚಿಟಗುಪ್ಪಾಕ್ಕ ಫೋನ್ ಹಚ್ಚಿ ಝರೆಪ್ಪಗ ಎಲ್ಲಾ ಹೇಳಿದೆ.
"ಧೂಳು ತಿಂದವಗ ಗುಂಡಿ ಕೊಟ್ರ
ಅದು ಭಿಕ್ಷಾ ಅಲ್ಲೋ, ಬಾಕಿ," ಅಂದ.
ಆಮ್ಯಾಲ, "ಮುಂದಿದ್ದವಗೂ ಅದನೇನು ಗುಂಡಿ?"
ಇಲ್ಲ, ಹಿಂದಿದ್ದವಗ ಅಷ್ಟೇ.
"ಮತ್ತ ಅವ ತಡೀಲಾಕ ಏನು ಮಾಡಬೇಕು?"
ಏನೂ ಇಲ್ಲ. ಕನ್ನಡಿಯಾಗ ನೋಡಬೇಕು.
"ಹಾಂ," ಅಂದ ಝರೆಪ್ಪ.
ಆ ಹಾಂ ಎಂಬುದರಾಗ
ಎರಡನೇ ಗೇರಿನ ಲಾರಿಯೊಂದು ಏರು ಹತ್ತಲತ್ತಿತ್ತು.

ಹಳೇ ರೋಡು ಚಂದಿತ್ತು ಅಂತ ನಾ ಅನ್ನಂಗಿಲ್ಲ.
ಕಾಯಲಾರದೆ ಬಲಕ್ಕ ಎಳೆದವರ ಚಪ್ಪಲಿ
ಅದೇ ಏರಿನಾಗ ಈ ಕೈಲೇ ಆರಿಸಿಟ್ಟೀನಿ,
ಒಂದು ಜೋಡಿ ಸಣ್ಣವಿದ್ವು, ಸೀಟಿ ಹೊಡೆಯುವಂಥವು.
ಅದು ಅಗಲ ಆಗಲೇಬೇಕಿತ್ತು. ಆಯಿತು, ಚಲೋ ಆಯಿತು.
ಈಗ ನಾಕು ಲೈನು, ಯಾರು ಯಾರನ್ನ ದಾಟಿದ್ರೂ
ದಾಟಿದವಗೇ ಗೊತ್ತಿರಂಗಿಲ್ಲ.
ಆದ್ರ ರೇಸು ರೋಡಲ್ಲ.
ಆಟದಾಗ ಕಷ್ಟನೇ ಮಾಲು;
ಅದನ್ನ ಇಳಿಸಿದ್ರ ಲಾರಿ ಜೋರು ಓಡ್ತದ, ಖರೆ,
ಖಾಲಿ ಓಡ್ತದ.

ಹಂಗಂತ ಶಬಿಸ್ತಾಗ ಹೇಳಲಾಕ ತಿರುಗಿದೆ.
ಅವಳು ಕೇಳ್ತಿರಲಿಲ್ಲ.
ರೆಕ್ಕಿ ತೆರೆಯದ ತಿರುವಿನಾಗ, ಕಡೀ ಸುತ್ತು,
ಆ ನೀಲಿ ಕಾರು ಒಳಮಗ್ಗಲಿಗೆ ಮೂಗು ತೂರಿಸಿತ್ತು.
ಟೈರು ಹೊಗಿಯಾಡಿತು. ಕೆಂಪಿನವ ಬಿಡವಲ್ಲ.
ಒಂದು ತಿರುವು ಜೋಡಿ, ಇನ್ನೊಂದು ತಿರುವು ಜೋಡಿ,
ನಡುವ ಒಂದು ಬೀಡಿ ಹಿಡಿಯುವಷ್ಟು ಜಾಗ,
ಮೂರನೇದರಾಗ ನೊಣ ಹಾರಿಹೋಯಿತು.

ದಾಟಲಿಲ್ಲ.

ಶಬಿಸ್ತಾ ಎದ್ದು ನಿಂತಿದ್ದಳು, ಕೈಯಾಗ ಪಾನಾ.
ನಾನೂ ನಿಂತಿದ್ದೆ.
ಬಿಚ್ಚಿಟ್ಟ ಜೀಪಿನ ಬಾಗಿಲಿಗೆ ನನ್ನ ಎಡಗೈ
ಎರಡು ಏಟು ಬಡಿದಿತ್ತು, ನನ್ನ ಕೇಳದೆ.

ಗಾಡಿಯ ಕೆಳಗಿನಿಂದ ಗೌಸೋದ್ದೀನ ಕೂಗಿದ:
"ಯಾರು ಬಂದ್ರು?"